ಅಂಚು ಸಿಗದ ಹಾಳೆ

ಶಾಲೆಗೆ ಹೊರಡುವ ಮೊದಲು ಶ್ರೀಲಕ್ಷ್ಮೀಗೆ ಅಡುಗೆಮನೆಯಲ್ಲಿ ಒಂದು ಕೆಲಸ ಉಳಿದಿರುತ್ತಿತ್ತು. ಮೆತ್ತಗೆ ಬೇಯಿಸಿದ ಅನ್ನ, ಹೆಸರುಬೇಳೆ ತವ್ವಿ, ಮೇಲೆ ಒಂದು ಚಮಚ ತುಪ್ಪ ಹಾಕಿದ ಸ್ಟೀಲಿನ ತಾಟಿಗೆ ತೆಳ್ಳನೆಯ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಬಿಗಿಯಬೇಕು. ಅತ್ತೆಯ ಮಧ್ಯಾಹ್ನದ ಊಟ ಅದು.

ಮೊದಮೊದಲು ಆ ಪ್ಲಾಸ್ಟಿಕ್ ಸುರುಳಿ ಅವಳಿಗೆ ಸಾಕುಸಾಕು ಮಾಡಿತ್ತು. ಎಳೆದರೆ ತನಗೆ ತಾನೇ ಅಂಟಿಕೊಳ್ಳುತ್ತಿತ್ತು, ಕತ್ತರಿಸಿದರೆ ಓರೆಯಾಗಿ ಹರಿಯುತ್ತಿತ್ತು. ತಾಟಿಗೆ ಹೊದಿಸಿದರೆ ಒಂದು ಕಡೆ ಸಾಲದು, ಇನ್ನೊಂದು ಕಡೆ ಗಿಡ್ಡ ಹುಡುಗನಿಗೆ ಅಪ್ಪನ ಅಂಗಿ ತೊಡಿಸಿದಂತೆ ಜೋಲುತ್ತಿತ್ತು. ಬರಬರುತ್ತ ಕೈ ಕುದುರಿತು. ಸುರುಳಿಯನ್ನು ಫ್ರಿಜ್ಜಿನಲ್ಲಿಟ್ಟು ತಣ್ಣಗೆ ಮಾಡಿದರೆ ಅಂಟುವುದು ಕಡಿಮೆ. ಸುರುಳಿ ಬಂದ ಡಬ್ಬಿಯ ಅಂಚಿನ ಹಲ್ಲುಗಳ ಮೇಲೆ ಹಾಳೆಯನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದು, ಒಂದು ಮೂಲೆಯಿಂದ ಥಟ್ಟನೆ ಎಳೆದರೆ ನೆಟ್ಟಗೆ ಹರಿಯುತ್ತದೆ. ತುದಿಗಳನ್ನು ತಾಟಿನ ಕೆಳಗೆ ಮಡಚಿ ಒತ್ತಿಬಿಟ್ಟರೆ ಹಾಳೆ ಇದೆಯೋ ಇಲ್ಲವೋ ಎಂದು ಮುಟ್ಟಿಯೇ ನೋಡಬೇಕು. ಆ ದಿನಗಳಲ್ಲಿ ಅವಳಿಗೆ ಸರಿಯಾಗಿ ಕೈಗೂಡಿದ್ದು ಅದೊಂದೇ ಕೆಲಸ.

ಅತ್ತೆ ವಿಮಲಾಬಾಯಿಗೆ ಲಕ್ವಾ ಹೊಡೆದು ಬಲಗೈ, ಬಲಗಾಲು ಎರಡೂ ಬಿದ್ದುಹೋಗಿದ್ದವು. ಮಾತು ತೊದಲುತ್ತಿತ್ತು. ಮಗ ಧೀರೇಂದ್ರ ಬೆಳಗಾಗುತ್ತಲೇ ಶಿರಹಟ್ಟಿಯ ಬಸ್ಸು ಹಿಡಿಯಬೇಕು. ಅವನ ಕಚೇರಿ ಅಲ್ಲಿ. ಶ್ರೀಲಕ್ಷ್ಮೀ ಬೆಟಗೇರಿಯ ಒಂದು ಶಾಲೆಯಲ್ಲಿ ಕಲಿಸುತ್ತಿದ್ದಳು. ಅವಳ ರಜೆಯೆಲ್ಲ ಮುಗಿದ ಮೇಲೆ ಹಗಲು ಹೊತ್ತು ಅತ್ತೆಯನ್ನು ನೋಡಿಕೊಳ್ಳಲು ಮಲ್ಲಸಮುದ್ರದಿಂದ ದೇವವ್ವ ಬರತೊಡಗಿದಳು. ದೇವವ್ವನ ಜಾತಿ ಯಾವುದೆಂದು ಆ ಮನೆಯಲ್ಲಿ ಯಾರೂ ಕೇಳಲಿಲ್ಲ. ಕೇಳದೆಯೇ ಎಲ್ಲರಿಗೂ ಗೊತ್ತಿತ್ತು.

ಮೈ ಒರೆಸುವುದು, ಸೀರೆ ಬದಲಿಸುವುದು, ಹೇಲು-ಉಚ್ಚೆ ಬಳಿಯುವುದು, ಇದಕ್ಕೆಲ್ಲ ದೇವವ್ವನ ಕೈ ನಡೆಯುತ್ತಿತ್ತು. ನಡೆಯದಿದ್ದದ್ದು ಅನ್ನಕ್ಕೆ ಮಾತ್ರ. ಮಡಿಯುಟ್ಟು ಮಾಡಿದ ಅಡುಗೆಯನ್ನು ಸೊಸೆಯೇ ಸ್ನಾನವಿಲ್ಲದೆ ಮುಟ್ಟುವಂತಿರಲಿಲ್ಲ ಆ ಮನೆಯಲ್ಲಿ. ಮದುವೆಯಾಗಿ ಬಂದ ಹೊಸತರಲ್ಲಿ ತಿಳಿಯದೆ ಅನ್ನದ ಪಾತ್ರೆ ಸರಿಸಿದ್ದಕ್ಕೆ ವಿಮಲಾಬಾಯಿ ಅಷ್ಟೂ ಅನ್ನವನ್ನು ಆಕಳಿಗೆ ಹಾಕಿಸಿದ್ದರು. ಅದು ಶ್ರೀಲಕ್ಷ್ಮೀಯ ಎದೆಯಲ್ಲಿ ಕೂತುಬಿಟ್ಟಿತ್ತು. ಹಾಸಿಗೆ ಹಿಡಿದ ಜೀವಕ್ಕೆ ಈ ಕೊನೆಗಾಲದಲ್ಲಿ ಮನಸ್ಸು ನೋಯಿಸಬಾರದೆಂದು ಅವಳೇ ಯೋಚಿಸಿ ಪ್ಲಾಸ್ಟಿಕ್ಕಿನ ಉಪಾಯ ಹುಡುಕಿದಳು. ಬಿಗಿದ ತಾಟನ್ನು ದೇವವ್ವ ಹೊರಗಿನಿಂದ ಎತ್ತಿ ಹಾಸಿಗೆಯ ಪಕ್ಕದ ಸ್ಟೂಲಿನ ಮೇಲಿಟ್ಟರೆ, ಅತ್ತೆ ಎಡಗೈಯಿಂದ ಹಾಳೆ ತೆಗೆದು ಚಮಚದಲ್ಲಿ ಉಣ್ಣುವರು. ಅನ್ನ ಮುಟ್ಟಿದಂತೆಯೂ ಆಗಲಿಲ್ಲ, ದೇವವ್ವನಿಗೆ ಬಾಯಿಬಿಟ್ಟು ಹೇಳಿದಂತೆಯೂ ಆಗಲಿಲ್ಲ. ಧೂಳು, ನೊಣ ಕೂರಬಾರದೆಂದು ಸುತ್ತಿರುವುದು, ನೀನು ಬಿಚ್ಚಬೇಡ, ಅವರೇ ಬಿಚ್ಚಿಕೊಳ್ಳುತ್ತಾರೆ ಎಂದಷ್ಟೇ ಮೊದಲ ದಿನ ಹೇಳಿದ್ದಳು. ದೇವವ್ವ ಆಗಲಿರಿ ಎಂದಿದ್ದಳು.

ಕೆಲವು ದಿನ ತಾಟು ಖಾಲಿಯಾಗುತ್ತಿತ್ತು. ಆಮೇಲೆ ಅರ್ಧ ಉಳಿಯತೊಡಗಿತು. ಆಮೇಲೆ ಬಿಗಿದ ಹಾಳೆ ಬಿಗಿದಂತೆಯೇ ಇರತೊಡಗಿತು. ಕೇಳಿದರೆ ವಿಮಲಾಬಾಯಿ ಹಸಿವಿಲ್ಲ ಎಂದು ಗೋಡೆಯ ಕಡೆ ಮುಖ ತಿರುಗಿಸುತ್ತಿದ್ದರು. ರಾತ್ರಿ ಪುಸಲಾಯಿಸಿ ಉಣಿಸಿದ್ದು ದಕ್ಕುತ್ತಿರಲಿಲ್ಲ. ಕೊರಳ ಎಲುಬುಗಳು ಎದ್ದು ಕಂಡವು. ಮನೆಗೆ ಬಂದು ನೋಡಿದ ಡಾಕ್ಟರು ಇನ್ನೊಂದು ವಾರ ಹೀಗೇ ಆದರೆ ಮೂಗಿನಿಂದ ನಳಿಗೆ ಹಾಕಿ ಹೊಟ್ಟೆಗೆ ಬಿಡಬೇಕಾದೀತು ಎಂದು ಹೇಳಿ ಹೋದರು.

ಇದನ್ನು ಕೇಳಿದಾಗ ಶ್ರೀಲಕ್ಷ್ಮೀಗೆ ಅಳು ಬರಲಿಲ್ಲ. ಲಕ್ವಾ ಹೊಡೆದದ್ದು ಅತ್ತೆಗೆ, ಮರಗಟ್ಟಿದ್ದು ಇವಳು. ಏಳುವಳು, ಮಡಿಯುಡುವಳು, ಬೇಯಿಸುವಳು, ಹಾಳೆ ಕತ್ತರಿಸಿ ಬಿಗಿಯುವಳು, ಶಾಲೆಗೆ ಹೋಗುವಳು. ಸಂಜೆ ಬಂದು ಹಳಸಿದ ಅನ್ನವನ್ನು ಹಿತ್ತಲಿಗೆ ಚೆಲ್ಲುವಳು. ಅತ್ತೆ ಹೋಗುವುದು ಖರೆ, ಅದಕ್ಕೆ ತಾನು ಮಾಡುವುದೇನೂ ಇಲ್ಲ ಎಂದು ಮನಸ್ಸು ಒಪ್ಪಿಕೊಂಡಂತಿತ್ತು.

ಅಂದು ಶಾಲೆಯ ಹಳೆಯ ಹೆಡ್ಮಾಸ್ತರರು ತೀರಿಕೊಂಡ ಸುದ್ದಿ ಬಂದು, ಒಂದು ನಿಮಿಷ ಮೌನ ನಿಂತು, ಮಕ್ಕಳನ್ನು ಮನೆಗೆ ಬಿಟ್ಟರು. ಶ್ರೀಲಕ್ಷ್ಮೀ ಮಧ್ಯಾಹ್ನವೇ ಮನೆಗೆ ಬಂದಳು. ಬಾಗಿಲು ತೆರೆದೇ ಇತ್ತು. ಚಪ್ಪಲಿ ಬಿಡುವಾಗ ಅತ್ತೆಯ ಕೋಣೆಯಿಂದ ಏನೋ ಕೆರೆಯುವ ಸದ್ದು ಕೇಳಿತು. ಇಲಿ ಇರಬೇಕು ಅಂದುಕೊಂಡು ಇಣುಕಿದಳು.

ವಿಮಲಾಬಾಯಿ ದಿಂಬಿಗೆ ಒರಗಿ ಕೂತಿದ್ದರು. ಅವರ ಎಡಗೈಯ ಉಗುರು ತಾಟಿನ ಅಂಚಿನ ಸುತ್ತ ಹರಿದಾಡುತ್ತಿತ್ತು. ಹಾಳೆಯ ತುದಿ ಎಲ್ಲಾದರೂ ಸಿಕ್ಕೀತೇ ಎಂದು ಹುಡುಕುತ್ತ ಒಂದು ಸುತ್ತು ಬರುತ್ತಿತ್ತು, ಜಾರುತ್ತಿತ್ತು, ಮತ್ತೆ ಶುರುವಾಗುತ್ತಿತ್ತು. ನಡುವೆ ಚುಚ್ಚಿ ಹರಿಯುವಷ್ಟು ಬಲ ಆ ಕೈಯಲ್ಲಿ ಉಳಿದಿರಲಿಲ್ಲ. ಹಾಳೆಯ ಒಳಗೆ ಅನ್ನ ಸ್ಪಷ್ಟವಾಗಿ ಕಾಣುತ್ತಿತ್ತು. ತಾಟು ಜಾರದಂತೆ ದೇವವ್ವ ಎದುರಿಗೆ ಕುಕ್ಕರಗಾಲಲ್ಲಿ ಕೂತು, ಸೆರಗಿನ ತುದಿಯಿಂದ ಅದರ ತಳವನ್ನು ಗಟ್ಟಿಯಾಗಿ ಹಿಡಿದಿದ್ದಳು. ಅವಳ ಮುಖ ಮಾತ್ರ ಕಿಟಕಿಯ ಕಡೆ ಇತ್ತು.

ಶ್ರೀಲಕ್ಷ್ಮೀಗೆ ಆಗ ಹೊಳೆಯಿತು. ಮೊದಮೊದಲು ಓರೆಕೋರೆ ಹರಿದ ಹಾಳೆಯ ಜೋಲುವ ತುದಿ ಹಿಡಿದು ಅತ್ತೆ ಎಳೆದು ಉಣ್ಣುತ್ತಿದ್ದರು. ತನ್ನ ಕೈ ಕುದುರಿದಂತೆಲ್ಲ ಅವರ ಊಟ ನಿಂತುಹೋಗಿತ್ತು. ಲೆಕ್ಕ ಇಷ್ಟೇ ಇತ್ತು.

"ದೇವವ್ವಾ," ಎಂದಳು. "ದಿನಾ ಹಿಂಗನಾ?"

ದೇವವ್ವ ಗಡಬಡಿಸಿ ಎದ್ದು ನಿಂತಳು. "ಹೂನ್ರಿ ಅಕ್ಕೋರ."

"ನೀ ತಗದು ಕೊಡಬಾರದಾಗಿತ್ತೇನು?"

"ಬಿಚ್ಚಬ್ಯಾಡ ಅಂದಿದ್ರಲ್ರಿ ನೀವು. ಒಂದಿನ ತಡೀಲಾರದ ನಾ ತಗೀಲೇನ್ರಿ ಅಂತ ಕೇಳಿದೆ. ದೊಡ್ಡ ಬಾಯಾರು ಮಾರಿ ಹೊಳ್ಳಿಸಿದ್ರು. ಮ್ಯಾಲೆ ನಾ ಬಿಚ್ಚಿ, ಅವರು ಉಣ್ಣದ ಬಿಟ್ರ, ಅನ್ನ ಕೆಡಿಸಿದಾಕಿ ನಾನ ಆಗತೇನಿ." ಅವಳ ಮಾತಿನಲ್ಲಿ ಸಿಟ್ಟಿರಲಿಲ್ಲ. "ಬಾಳಿಹಣ್ಣು ತರತಿದ್ದೆ ಬರೋವಾಗ. ಹಣ್ಣಿಗೆ ನಡೀತೈತಿ ಅಂದ್ರು. ಸುಲದು ಕೊಡತಿದ್ದೆ. ಹಗಲೆಲ್ಲಾ ಅಷ್ಟರ ಮ್ಯಾಲೆನ ಅದಾರ ಅವರು."

ಶ್ರೀಲಕ್ಷ್ಮೀ ಅತ್ತೆಯ ಹಾಸಿಗೆಯ ಅಂಚಿಗೆ ಕೂತಳು. ಅವರು ಕಳ್ಳತನ ಮಾಡಿ ಸಿಕ್ಕಿಬಿದ್ದವರಂತೆ ಎಡಗೈಯನ್ನು ಸೆರಗಿನೊಳಗೆ ಎಳೆದುಕೊಂಡಿದ್ದರು.

"ಅತ್ಯಾ, ನನಗರ ಹೇಳಬಾರದಾಗಿತ್ತೇನು? ಹಸಿವಿಲ್ಲ, ಹಸಿವಿಲ್ಲ ಅಂದ್ರಿ. ನಿಮ್ಮ ಸಲುವಾಗೇ ಸುತ್ತಿದ್ದೆ ನಾ ಇದನ್ನ."

ವಿಮಲಾಬಾಯಿಯ ತುಟಿ ಬಹಳ ಹೊತ್ತು ಅಲುಗಿತು. ಮಾತು ತುಂಡುತುಂಡಾಗಿ ಬಂತು.

"ಗೊತ್ತದ. ಅಷ್ಟೂ ಅನ್ನ ಆಕಳಿಗೆ ಹಾಕಿಸಿದಾಕಿ ನಾನ. ನಿನಗ ಕಲಿಸಿದಾಕೀನೂ ನಾನ. ಈಗ ಹಸಿವಾಗೇದ, ಯಾರರ ಬಿಚ್ಚಿ ಕೊಡ್ರಿ ಅಂತ... ಯಾವ ಬಾಯಿಲೆ ಕೇಳ್ಲಿ, ಲಕ್ಷ್ಮಿ?"

ಶ್ರೀಲಕ್ಷ್ಮೀ ತಾಟನ್ನು ತೊಡೆಯ ಮೇಲೆ ಎಳೆದುಕೊಂಡಳು. ಹಾಳೆಯ ತುದಿಗಾಗಿ ಅವಳ ಬೆರಳೂ ಅಂಚಿನ ಸುತ್ತ ಹರಿದಾಡಿತು. ಸಿಗಲಿಲ್ಲ. ಎರಡು ಕೈಯಿದ್ದವಳಿಗೆ, ತಾನೇ ಮಡಚಿ ಒತ್ತಿದ್ದು, ಸಿಗಲಿಲ್ಲ. ಉಗುರಿನಿಂದ ನಡುವೆ ಚುಚ್ಚಿ ಹರಿದುಬಿಡಬಹುದಿತ್ತು. ಅವಳು ಹಾಗೆ ಮಾಡಲಿಲ್ಲ. ತಾಟನ್ನು ಮತ್ತೆ ಸ್ಟೂಲಿನ ಮೇಲಿಟ್ಟಳು.

"ದೇವವ್ವಾ, ನೀನ ತಗಿ," ಎಂದಳು. "ತಗದು ಉಣಸು."

ದೇವವ್ವ ಶ್ರೀಲಕ್ಷ್ಮೀಯನ್ನು ನೋಡಲಿಲ್ಲ. ವಿಮಲಾಬಾಯಿಯನ್ನು ನೋಡಿದಳು. ಹಾಸಿಗೆಯ ಮೇಲಿನ ಮುಖ ಈ ಸಲ ಗೋಡೆಯ ಕಡೆ ಹೊರಳಲಿಲ್ಲ. ಕಣ್ಣು ಮುಚ್ಚಿತು, ತೆರೆಯಿತು, ತಲೆ ಒಂದಿಷ್ಟು ಬಾಗಿತು.

"ಕೈ ತೊಳಕೊಂಡ ಬರ್ತೇನ್ರಿ," ಎಂದು ದೇವವ್ವ ಹಿತ್ತಲಿಗೆ ಹೋದಳು.

ನಲ್ಲಿಯ ನೀರು ಬೀಳುವ ಸದ್ದು ಕೇಳಿತು. ನಿಲ್ಲಲಿಲ್ಲ. ಶ್ರೀಲಕ್ಷ್ಮೀ ಕಾದಳು. ಕೊನೆಗೆ ಎದ್ದು ಹಿತ್ತಲ ಬಾಗಿಲಿಗೆ ಬಂದಳು. ದೇವವ್ವ ಬಟ್ಟೆಯ ಸಾಬೂನಿನಿಂದ ಅಂಗೈ, ಮುಂಗೈ, ಮೊಣಕೈವರೆಗೆ ಉಜ್ಜುತ್ತಿದ್ದಳು. ತೊಳೆದು, ಬೆಳಕಿಗೆ ಹಿಡಿದು ನೋಡಿ, ಮತ್ತೆ ಸಾಬೂನು ಹಚ್ಚುತ್ತಿದ್ದಳು. ಬೆರಳ ಸಂದುಗಳು ಕೆಂಪಗಾಗಿದ್ದವು. ಆ ಕೈಗಳನ್ನು ಎಷ್ಟು ತೊಳೆದರೆ ಸಾಕಾದೀತೆಂದು ಅವಳಿಗೆ ಯಾರೂ ಹೇಳಿರಲಿಲ್ಲ.

ಅಷ್ಟು ದಿನ ಬಾರದ ಅಳು ಆಗ ಬಂತು. ಶ್ರೀಲಕ್ಷ್ಮೀ ಮುಂದೆ ಹೋಗಿ ನಲ್ಲಿ ತಿರುವಿ ನಿಲ್ಲಿಸಿದಳು.

"ಸಾಕು," ಎಂದಳು.

ಕೋಣೆಗೆ ಬಂದು ದೇವವ್ವ ಹಾಳೆಯ ನಡುವೆ ಹೆಬ್ಬೆರಳು ಒತ್ತಿದಳು. ಅದು ಟಪ್ಪೆಂದು ಹರಿಯಿತು. ಅನ್ನ ತಣ್ಣಗಾಗಿ ಗಟ್ಟಿಯಾಗಿತ್ತು. ಶ್ರೀಲಕ್ಷ್ಮೀ ಬಿಸಿಬಿಸಿ ಸಾರು ತಂದು ಸುರಿದಳು. ದೇವವ್ವ ಕಲಸಿ, ಸಣ್ಣ ಸಣ್ಣ ತುತ್ತು ಮಾಡಿ ಬಾಯಿಗಿಟ್ಟಳು. ವಿಮಲಾಬಾಯಿ ಅಳುತ್ತಲೂ ಇರಲಿಲ್ಲ, ನಗುತ್ತಲೂ ಇರಲಿಲ್ಲ. ಹಸಿದಿದ್ದರು, ಉಂಡರು.

ಸಂಜೆ ಧೀರೇಂದ್ರ ಬಂದಾಗ ಶ್ರೀಲಕ್ಷ್ಮೀ ನಡೆದದ್ದನ್ನು ಹೇಳಿದಳು. ಅವನು ಬೂಟಿನ ಲೇಸು ಬಿಚ್ಚುತ್ತ ಕೇಳಿಸಿಕೊಂಡ. ಸಂಬಂಧಿಕರ ಕಿವಿಗೆ ಬಿದ್ದರೆ ಏನೆಂದಾರು ಎಂದು ಒಂದು ಮಾತು ಆಡಿದ. ಆಮೇಲೆ ಅವ್ವ ಎಷ್ಟು ಉಂಡಳು ಎಂದು ಕೇಳಿದ. ತಾಟು ಖಾಲಿ ಮಾಡಿದರು ಎಂದಾಗ ಮತ್ತೆ ಸಂಬಂಧಿಕರ ಮಾತು ತೆಗೆಯಲಿಲ್ಲ.

ಮರುದಿನ ಬೆಳಿಗ್ಗೆ ಅವಳ ಕೈ ರೂಢಿಯಂತೆ ಫ್ರಿಜ್ಜಿನೊಳಗಿನ ಸುರುಳಿಗೆ ಹೋಗಿ, ಹಾಗೆಯೇ ಹಿಂದೆ ಬಂತು. ಅನ್ನ, ತವ್ವಿಗಳನ್ನು ಪಾತ್ರೆಯಲ್ಲೇ ಬಿಟ್ಟು ಸಾದಾ ಮುಚ್ಚಳ ಮುಚ್ಚಿದಳು. ಪಕ್ಕದಲ್ಲಿ ಎರಡು ತಾಟು ಇಟ್ಟಳು. ದೇವವ್ವ ಬಂದಾಗ ಅವಳನ್ನು ಅಡುಗೆಮನೆಯ ಒಳಗೆ ಕರೆದು, ಗ್ಯಾಸ್ ಹಚ್ಚುವುದು ಹೀಗೆ, ಬಿಸಿ ಮಾಡಿ ಅತ್ತೆಗೆ ಬಡಿಸು, ನೀನೂ ಅವರ ಜೊತೆಗೇ ಉಣ್ಣು ಎಂದು ಹೇಳಿ ಶಾಲೆಗೆ ಹೋದಳು. ಹೊಸ್ತಿಲ ಹೊರಗೇ ನಿಂತಿದ್ದ ದೇವವ್ವ ಬಲಗಾಲು ಒಳಗಿಡಲು ಸಾಕಷ್ಟು ಹೊತ್ತು ತೆಗೆದುಕೊಂಡಿದ್ದಳು.

ಸಂಜೆ ಬಂದು ನೋಡಿದರೆ ಒಂದು ತಾಟು ತೊಳೆದು ಬೋರಲು ಹಾಕಿತ್ತು. ಇನ್ನೊಂದು ಇಟ್ಟಲ್ಲೇ ಒಣಗಿಕೊಂಡು ಕೂತಿತ್ತು. ದೇವವ್ವ ತಾನು ಕಟ್ಟಿಕೊಂಡು ಬಂದ ರೊಟ್ಟಿಯನ್ನು ಎಂದಿನಂತೆ ಹಿತ್ತಲಲ್ಲಿ ಕೂತು ತಿಂದು ಹೋಗಿದ್ದಳು.

ಶ್ರೀಲಕ್ಷ್ಮೀ ಆ ಒಣ ತಾಟನ್ನು ಕೈಗೆತ್ತಿಕೊಂಡಳು. ಒಳಗಿನಿಂದ ಅತ್ತೆಯ ತೊದಲು ದನಿ ಬಂತು. "ನಾಳೆ ಮತ್ತ ಇಡು, ಲಕ್ಷ್ಮಿ. ನಾ ಕರೀತೇನಿ ಆಕಿನ್ನ."

ಬೆಳಗಾದ ಮೇಲೆ ಅವಳು ಮತ್ತೆ ಎರಡು ತಾಟು ಇಟ್ಟಳು.