ನೂರ ಹನ್ನೆರಡನೆಯ ವಿಳಾಸ

ತಿಮ್ಮಮ್ಮ ಆಫೀಸಿನ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬರುವ ಹೊತ್ತಿಗೆ ನನಗೆ ತಲೆ ಸಿಡಿಯುತ್ತಿತ್ತು. ಮಾಗಡಿಯ ನಮ್ಮ ಕುರಿಗಾರರ ಸಂಘದಲ್ಲಿ ಟೈಪಿಸ್ಟ್ ಅಂತ ಇರುವುದು ನಾನೊಬ್ಬಳೇ. ಮಹಾಸಭೆಯ ನೋಟಿಸ್ಸು, ಲಸಿಕೆ ಹಾಕುವ ದಿನದ ತಿಳಿವಳಿಕೆ, ಎಲ್ಲವೂ ಹತ್ತೊಂಬತ್ತು ವರ್ಷದಿಂದ ನನ್ನ ಕೈಯಿಂದಲೇ ಹೋಗಬೇಕು. ಒಂದು ದಿನ ರಜೆ ಹಾಕಿದರೆ ಮಾರನೇ ದಿನ ಎರಡು ದಿನದ ಕೆಲಸ ಕಾದು ಕೂತಿರುತ್ತದೆ.

“ಮೇಡಮ್ಮೋರೆ, ಅಂಕಯ್ಯ ನಮ್ ಕುರಿನೆಲ್ಲ ದೊಡ್ಡಿಯಿಂದ ಆಚ್ಗೆ ಅಟ್ಬುಟ್ಟ” ಎಂದಳು. “ಸಂಘದೋರೇ ನಂಗೆ ಬರ್ಕೊಟ್ಟವ್ರೆ ಅಂತ ಕಾಗ್ದ ತೋರುಸ್ತಾನೆ. ಅದು ನಮ್ಮನೆಯೋರ್ದಲ್ವಾ?”

ಅವಳ ಗಂಡ ಗುಡೇಮಾರನಹಳ್ಳಿಯ ಮಾಯಣ್ಣ ತೀರಿಕೊಂಡು ಮೂರು ವರ್ಷವಾಗಿತ್ತು. ಊರಾಚೆ ಸಂಘದ ಜಾಗದಲ್ಲಿರುವ ಕಲ್ಲುಗೋಡೆಯ ದೊಡ್ಡಿಯನ್ನು 2018ರಲ್ಲಿ ಅವನಿಗೆ, ಅವನ ನಂತರ ಹೆಂಡತಿಗೆ ಅಂತ ಬರೆದುಕೊಟ್ಟಿದ್ದೆವು. ಅವಳ ಹತ್ತಿರವಿದ್ದ ಪತ್ರವನ್ನು ಗೆದ್ದಲು ತಿಂದಿತ್ತು. ನಲವತ್ತು ಕುರಿ ಈಗ ಬಯಲಲ್ಲಿ ಇದ್ದವು, ಅದೂ ಚಿರತೆ ಓಡಾಡುವ ಗುಡ್ಡದ ಪಕ್ಕ.

“ಅಷ್ಟೇ ತಾನೆ? ಕಂಪ್ಯೂಟರಲ್ಲಿ ಇದೆ, ಇನ್ನೊಂದು ತೆಗೆದುಕೊಡ್ತೀನಿ ಕೂತ್ಕೊಳ್ಳಿ” ಎಂದೆ.

ನಮ್ಮ ಪತ್ರಗಳಲ್ಲಿ ಹೆಸರು, ವಿಳಾಸ ಟೈಪ್ ಮಾಡುವುದಿಲ್ಲ. ನನ್ನ ತಮ್ಮ ಮನೋಹರ್ ಅಕ್ಕನ ಬೆರಳು ಸವೆಯುವುದನ್ನು ನೋಡಲಾರದೆ ಕೂಡಿಸಿಕೊಟ್ಟ ವ್ಯವಸ್ಥೆ ಇದು. ಸದಸ್ಯರ ವಿಳಾಸಗಳೆಲ್ಲ ಒಂದೇ ಫೈಲಿನಲ್ಲಿ, ಒಬ್ಬೊಬ್ಬರಿಗೆ ಒಂದೊಂದು ಸಾಲು, ಸಾಲಿಗೊಂದು ನಂಬರು. ಪತ್ರದಲ್ಲಿ 112 ಅಂತ ಬರೆದರೆ ಸಾಕು, ಅಚ್ಚಾಗುವಾಗ ಆ ನಂಬರಿನವರ ಹೆಸರು, ಊರು, ಪಿನ್‌ಕೋಡು ತಾನೇ ಬಂದು ಕೂರುತ್ತದೆ. ಮಾಯಣ್ಣನ ನಂಬರು 112.

ಪ್ರಿಂಟರಿನಿಂದ ಹಾಳೆ ಬಂತು. “ಶ್ರೀ ಅಂಕಯ್ಯನವರಿಗೆ” ಅಂತ ಇತ್ತು. ತಾರೀಕು 2018ರದ್ದು. ಅಂಕಯ್ಯ ಸಂಘಕ್ಕೆ ಸೇರಿದ್ದೇ ಹೋದ ವರ್ಷ.

ಮಾಯಣ್ಣ ಸತ್ತ ಮೇಲೆ ಅವನ ಸಾಲು ಯಾಕೆ ಸುಮ್ಮನೆ ಇರಬೇಕು ಅಂತ ಅದರ ಮೇಲೆಯೇ ಅಂಕಯ್ಯನ ವಿಳಾಸ ಬರೆದವಳು ನಾನೇ. ಮಿತವ್ಯಯ ಅಂದುಕೊಂಡಿದ್ದೆ, ನಿಜ ಹೇಳಬೇಕೆಂದರೆ ಸೋಮಾರಿತನ. ಹೊಸ ಸಾಲು ಸೇರಿಸಲೂ ಬೇಜಾರಾಗುವಷ್ಟು ದಣಿದಿದ್ದೆ. ಮಾಯಣ್ಣನ ಹಳೆಯ ಪತ್ರಗಳೆಲ್ಲ ಅವತ್ತಿಂದ ಅಂಕಯ್ಯನವಾಗಿದ್ದವು. ಹೋದ ತಿಂಗಳು ಅಂಕಯ್ಯ ಬಂದು “ನನ್ ನಂಬರ್ನಾಗೆ ಏನೇನ್ ಕಾಗ್ದ ಐತೋ ಎಲ್ಲಾ ಕೊಡಿ” ಅಂದಾಗ, ಓದದೆ ಅಚ್ಚು ಹಾಕಿ ಸೀಲು ಒತ್ತಿ ಕೊಟ್ಟವಳೂ ನಾನೇ. ಅವನೇನು ಕಳ್ಳನಲ್ಲ. ಸಂಘ ಕೊಟ್ಟಿದೆ ಅಂತ ನಂಬಿದ್ದ.

ಕಾರ್ಯದರ್ಶಿ ಯೋಗಾನಂದರ ಕೋಣೆಗೆ ಹೋಗಿ ಎಲ್ಲ ಹೇಳಿದೆ. ಅವರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು.

“ಸುಮ್ನೆ ಯಾಕೆ ಮೈಮೇಲೆ ಎಳ್ಕೊತೀರಾ ಸುಚಿತ್ರಮ್ಮ? ಸೀಲು ಬಿದ್ದಾಗಿದೆ. ಆಯಮ್ಮಂಗೆ ಮುಂದೆ ಎಲ್ಲಾದ್ರೂ ನೋಡಿಕೊಡೋಣ.”

ಹೂಂ ಅನ್ನಬೇಕು ಅಂತ ನನಗೂ ಅನ್ನಿಸಿತು. ಹೂಂ ಅಂದಿದ್ದರೆ ಮನೆಗೆ ಹೋಗಿ ಮಲಗಬಹುದಿತ್ತು. ಹೊರಗೆ ಬಂದೆ, ತಿಮ್ಮಮ್ಮ ಬೆಂಚಿನ ತುದಿಯಲ್ಲಿ ಕೂತಿದ್ದಳು.

“ತಡ ಆಯ್ತದಾ ಮೇಡಮ್ಮೋರೆ? ನೆನ್ನೆ ಚಿರತೆ ಎರಡು ಮರಿ ಹೊತ್ಕಂಡೋಯ್ತು. ಬೆಳಕಿರೋವಾಗ್ಲೇ ಹೋಗ್ಬೇಕು.”

ನನಗೆ ಅವಳ ಮುಖ ನೋಡಲಾಗಲಿಲ್ಲ. ಕಂಪ್ಯೂಟರಿನ ಮುಂದೆ ಕೂತು ಅಂಕಯ್ಯನನ್ನು ಫೈಲಿನ ಕೊನೆಗೆ ಹೊಸ ನಂಬರಿಗೆ ಸಾಗಿಸಿದೆ, 112ಕ್ಕೆ ಮಾಯಣ್ಣನನ್ನು ವಾಪಸ್ ತಂದೆ. ದೊಡ್ಡಿಯ ಪತ್ರ ತೆಗೆದೆ. ಅಂಕಯ್ಯನಿಗೆ ಬೇರೆ ಪತ್ರ ಬರೆದೆ: ನಿಮಗೆ ಕೊಟ್ಟ ನಕಲು ತಪ್ಪು, ತಪ್ಪು ನನ್ನದು, ದೊಡ್ಡಿ ತಿಮ್ಮಮ್ಮನವರದು. ಕೆಳಗೆ ನನ್ನ ಹೆಸರು ಹಾಕಿ ಯೋಗಾನಂದರ ಮುಂದಿಟ್ಟೆ.

“ಕಮಿಟಿಯೋರು ಕೇಳಿದ್ರೆ ನಾನು ನಿಮ್ಮ ಪರ ಮಾತಾಡಕ್ಕಾಗಲ್ಲ” ಎಂದರು.

“ಮಾತಾಡಬೇಡಿ ಸಾರ್. ಸೈನ್ ಮಾಡಿ.”

ಮಾಡಿದರು. ಎರಡೂ ಪತ್ರವನ್ನು ತಿಮ್ಮಮ್ಮನ ಕೈಗೆ ಕೊಟ್ಟು, ಯಾವುದು ಯಾರಿಗೆ ಅಂತ ಎರಡು ಸಲ ಹೇಳಿದೆ. ಅವಳು ಸೆರಗಿನಲ್ಲಿ ಸುತ್ತಿಕೊಂಡು, “ನಿಮ್ಮಿಂದ ಒಳ್ಳೇದಾಯ್ತು ತಾಯಿ” ಅಂತ ಕೈಮುಗಿದಳು. ಆ ಮಾತು ನನಗೆ ಬೈಗುಳಕ್ಕಿಂತ ಹೆಚ್ಚಾಗಿ ತಾಗಿತು. ತಪ್ಪು ನನ್ನದೇ ಅಂತ ಬಾಯಿಬಿಟ್ಟು ಹೇಳುವಷ್ಟರಲ್ಲಿ ಅವಳು ಬಸ್ಸಿಗೆ ಓಡಿದ್ದಳು.

ಆಮೇಲೆ ಆ ಫೈಲನ್ನು ಮೊದಲಿಂದ ನೋಡಿದೆ. ತೀರಿಕೊಂಡವರ ಸಾಲಿನ ಮೇಲೆ ನಾನು ಬೇರೆಯವರನ್ನು ಕೂರಿಸಿದ್ದು ಇಪ್ಪತ್ತಮೂರು ಕಡೆ. ಕೇಳಿಕೊಂಡು ಬಂದವಳು ತಿಮ್ಮಮ್ಮ ಒಬ್ಬಳೇ.