ದಂಟಿನ ಎತ್ತಿನ ಕೊಳ್ಳಾಗಿನ ಹಗ್ಗ

ಏಯ್, ಓದಾಕತ್ತೀರಲ್ಲ, ಒಂಚೂರು ನೆಟ್ಟಗ ಕುಂತು ಓದ್ರಿ! ಹಾನಗಲ್ಲ, ಶಿಗ್ಗಾಂವಿ, ಸವಣೂರ, ಹಿರೇಕೆರೂರ, ಈ ನಾಕೂ ತಾಲೂಕು ಜರಡಿ ಹಿಡಿದ್ರೂ ತಿಳವಳ್ಳಿ ಮಹಾಂತೇಶನಂಥಾ ಹೀರೋ ಸಿಗೂದಿಲ್ಲ. ಎಂಟ್ರಿ ಕೊಟ್ರ ಧೂಳು ಏಳ್ತೈತಿ, ಡೈಲಾಗ್ ಹೊಡದ್ರ ಸೀಟಿ ಬೀಳ್ತಾವ. ಗೊಟಗೋಡಿ ಪ್ರದರ್ಶನದಾಗ ಗಾಜಿನ ಪೆಟ್ಟಿಗ್ಯಾಗ ಜೋಳದ ದಂಟಿನ ಎತ್ತಿನ ಬಂಡಿ ಇಟ್ಟಾರಲ್ಲ, ಅದರ ಮಾನ ಉಳಿಸಿದಾಂವ ಅವನ!

ಮಾಡಿದಾಕಿ ಮಾತ್ರ ಅವನ ಆಯಿ, ಅಂದ್ರ ಅಜ್ಜಿ, ಹಾಲವ್ವ. ತಿಳವಳ್ಳಿ ಹೊಲದಾಗ ಈಗ ಬರೇ ಭತ್ತ, ಗೋವಿನಜೋಳ. ಅದಕ್ಕ ಯಲವಿಗಿ ಬೀಗರ ಕಡಿಂದ ದಂಟು ತರಿಸಿ, ಮೂರು ದಿನ ಕುಂತು ಮಾಡಿದ್ಲು. ಅವರವ್ವ ಕಲಿಸಿದ ಕೆಲಸ. ಮನಿ ಹೊಸ್ತಿಲ ದಾಟಿದ್ದಿಲ್ಲ ಅದು. ಎಪ್ಪತ್ತೆರಡನೇ ವಯಸ್ಸಿಗೆ ಮೊದಲ್ನೇ ಸಲ ಹೊರಗಿನ ಮಂದಿ ನೋಡೂರಿದ್ರು. ಸಂಜಿ ನಾಕಕ್ಕ ಪ್ರದರ್ಶನಕ್ಕ ಒಯ್ಯಾಕ ಗಾಡಿ ಬರೂದಿತ್ತು.

ಮಧ್ಯಾಹ್ನ ಒಂದಕ್ಕ ಮನಿ ಎತ್ತು ಕೆಂಪ್ಯಾ ಹಗ್ಗ ಹರಕೊಂಡು ವಿಲನ್ನಿನಂಗ ನುಗ್ಗಿ, ದಂಟಿನ ಜೋಡೆತ್ತು, ನೊಗ, ಬಂಡಿ ಎಲ್ಲಾ ಕರಕರ ತಿಂದುಬಿಡ್ತು. ಮಹಾಂತೇಶ ಅಡ್ಡ ಬಿದ್ದು ಒಂದ ಗಾಲಿ ಕಸಗೊಂಡ.

"ಆಯಿ, ನಾ ಇರಲಿಲ್ಲಂದ್ರ ಇದೂ ಉಳೀತಿದ್ದಿಲ್ಲ!"

ಹಾಲವ್ವ ಗಾಲಿ ನೋಡಿದ್ಲು. ಮೇವು ಹಾಕೂ ಗ್ವಾದಲಿ ಮುಂದ ನಿಂತ ಕೆಂಪ್ಯಾನ್ನ, ಅದರ ಕೊಳ್ಳಾಗಿನ ಹಗ್ಗಾನ ನೋಡಿದ್ಲು. "ಇರಲಿ ಬಿಡು. ಅದರ ಮೇವು ಅದು ತಿಂತು. ಉಳದ ದಂಟು ತಾ."

"ಮೂರು ದಿನದ್ದು ಮೂರು ತಾಸಿನ್ಯಾಗ ಹೆಂಗಾಕ್ಕೈತಿ? ಗೋಂದು ತರಲ್ಯಾ? ಮೊಳಿ?"

"ಬಾಯಿ ಮುಚಗೊಂಡು ದಂಟು ಹಿಡಕೊ, ಹೀರೋ."

ಹಲ್ಲಿಲೆ ಸಿಪ್ಪಿ ಸುಲದ್ಲು. ಒಳಗ ಬೆಣ್ಣಿಯಂಗ ಬೆಳ್ಳನ್ನ ಬೆಂಡು. ಪಟ್ಟಿ ಇಲ್ಲ, ಪೆನ್ಸಿಲ್ ಇಲ್ಲ. ಹೆಬ್ಬಟ್ಟಿನ ಗೆಣ್ಣ ಅಳತಿ. ಸಿಪ್ಪಿ ಸೀಳಿ ಬೆಂಡಿಗೆ ಚುಚ್ಚಿದ್ರ ಕಾಲು, ಬಗ್ಗಿಸಿ ಚುಚ್ಚಿದ್ರ ಕೋಡು.

"ನೊಗಕ್ಕ ಕೊಳ್ಳು ಕೊಡೂವಾಗ ಕೆಂಪ್ಯಾ ಯಾವ ಕಡೆ ವಾಲ್ತೈತಿ?"

ಸಾವಿರ ಡೈಲಾಗ್ ಬಾಯಿಪಾಠ ಇದ್ದ ಮಹಾಂತೇಶಗ ಇದೊಂದು ಗೊತ್ತಿದ್ದಿಲ್ಲ.

"ಎಡಕ್ಕ. ನಮ್ಮವ್ವನ ಎತ್ತೂ ಹಂಗ ವಾಲ್ತಿತ್ತು," ಅಂದು ಹಾಲವ್ವ ಬೆಂಡಿನ ಕೊಳ್ಳು ಕೂದಲೆಳಿಯಷ್ಟು ತಿರುವಿದ್ಲು.

ಅಷ್ಟ ನೋಡ್ರಿ! ಒಣಾ ದಂಟು ಉಸರಾಡಿದಂಗಾತು. ಮಹಾಂತೇಶನ ಮೈಯೆಲ್ಲಾ ಜುಮ್ಮಂತು. ದಿನಾ ತಾನ ಮೇವು ಹಾಕೂ ಎತ್ತನ್ನ ಅವತ್ತ ಅವ ಮೊದಲ ಸಲ ಕಂಡ. ಎಂದೋ ಸತ್ತುಹೋದ ಮುತ್ತಜ್ಜಿ ಎತ್ತನ್ನೂ ಕಂಡ.

ಹೊರಗ ಗಾಡಿ ಹಾರನ್ ಹೊಡೀತು. ಹಾಲವ್ವ ಪುಂಡಿನಾರು ಹೊಸೆದು, ಸಣ್ಣ ಹಗ್ಗ ಮಾಡಿ, ಎಡಕ್ಕ ವಾಲಿದ ಎತ್ತಿನ ಕೊಳ್ಳಿಗೆ ಕಟ್ಟಿದ್ಲು. ಮೊದಲಿನದಕ್ಕ ಹಗ್ಗ ಇದ್ದಿದ್ದಿಲ್ಲ.

"ಇದ್ಯಾಕ, ಆಯಿ?"

"ನೋಡು, ಎಲ್ಲೆರ ಹರದೈತೇನು?" ಅಂದಾಕಿ ಅವನ ಮಾರಿ ನೋಡಿದ್ಲು.

ಖರೇ ಹೇಳಿಬಿಡ್ತೇನ್ರಿ. ಕೆಂಪ್ಯಾ ಹಗ್ಗ ಹರಕೊಂಡಿದ್ದ ಇಲ್ಲ. ರೀಲ್ಸ್ ಮಾಡಾಕಂತ ದಂಟಿನ ಬಂಡಿ ಒಯ್ದು ಕೆಂಪ್ಯಾನ ಮೂತಿ ಮುಂದ ಇಟ್ಟು, "ಬಾರಲೇ, ನಿನ್ನ ತಮ್ಮಗೋಳು ಬಂದಾರ!" ಅಂದಾಂವ ಮಹಾಂತೇಶ. ಆ ಮಹಾಂತೇಶ ನಾನ. ಗಾಲಿ ಕಸಗೊಂಡಿದ್ದೂ ಸುಳ್ಳ. ಅದನ್ನ ಕೆಂಪ್ಯಾನ ಉಗುಳಿತ್ತು.