ಒರೆಸದ ಕೈ

ಸುಧೀರ್ ಸಲಿಕೆಯನ್ನು ಯೋನಾನ ಕೈಗೆ ಚಾಚಿದರು. ಯೋನಾ ಹಾವು ಕಂಡವನ ಹಾಗೆ ಕೈ ಹಿಂದಕ್ಕೆಳೆದುಕೊಂಡ.

"ಕೈಯಿಂದ ಕೈಗೆ ಕೊಡಬಾರದು ಅಂಕಲ್. ಮಣ್ಣಲ್ಲಿ ಚುಚ್ಚಿಬಿಡಿ, ನಾನೇ ತಗೋತೀನಿ."

"ಅಯ್ಯೋ, ಸಾರಿ ಕಣೋ. ಗೊತ್ತಿರ್ಲಿಲ್ಲ."

"ದುಃಖಾನ ಒಬ್ರಿಂದ ಒಬ್ರಿಗೆ ದಾಟಿಸಬಾರದಂತೆ. ನಂಗೇನೂ ನಂಬಿಕೆ ಇಲ್ಲ. ಸುಮ್ನೆ ಹೇಳ್ದೆ."

ಸುಧೀರ್ ಸಲಿಕೆಯನ್ನು ಮಣ್ಣಿನ ಗುಡ್ಡೆಗೆ ಚುಚ್ಚಿದರು. ಯೋನಾ ಅದನ್ನು ಕಿತ್ತು, ಬೋರಲು ತಿರುಗಿಸಿ, ಅದರ ಬೆನ್ನಿನ ಮೇಲೆ ನಿಂತಷ್ಟೇ ಮಣ್ಣನ್ನು ತಾಯಿ ಸಿಪೋರಾಳ ಮರದ ಪೆಟ್ಟಿಗೆಯ ಮೇಲೆ ಹಾಕಿದ. ಮೊದಲ ಮಣ್ಣು ಹಾಗೇ ಬೀಳಬೇಕು, ಈ ಕೆಲಸಕ್ಕೆ ನಮಗೆ ಆತುರವಿಲ್ಲ ಅನ್ನುವ ಹಾಗೆ. ಆತುರ ಇದ್ದದ್ದು ಸೂರ್ಯನಿಗೆ. ಡಿಸೆಂಬರಿನ ಶುಕ್ರವಾರ. ಸ್ಟಾಕ್‌ಹೋಮ್‌ನಲ್ಲಿ ಮೂರರೊಳಗೆ ಹೊತ್ತು ಮುಳುಗಿ ಯಹೂದಿಗಳ ವಿಶ್ರಾಂತಿಯ ದಿನ ಸಬ್ಬತ್ತು ಶುರುವಾಗುತ್ತದೆ. ಅಷ್ಟರೊಳಗೆ ಎಲ್ಲ ಮುಗಿಯಬೇಕು.

ಸುಧೀರ್ ಹೆಂಡತಿ ಕುಮುದಾ ಹತ್ತಿರ ಬಂದು ಯೋನಾನ ತೋಳು ಹಿಡಿದರು. ಅವರೆಲ್ಲರ ಊರು ಉಪ್ಸಾಲಾದಲ್ಲಿ ಎರಡೂ ಮನೆಯ ಬಾಗಿಲು ಎದುರುಬದುರು.

"ಅಮ್ಮಂಗೆ ಬಿಡುಗಡೆ ಆಯ್ತು ಅಂದ್ಕೋ. ಆ ನೋವು ನೋಡೋಕಾಗ್ತಿರ್ಲಿಲ್ಲ."

"ಬಿಡುಗಡೆ ಮಾಡಿದವನೇ ತಾನೆ ಆಂಟಿ, ಕಟ್ಟಿಹಾಕಿದ್ದೂ?"

"ನಿಮ್ಮ ಸಭೆಯ ಹಿರಿಯರು ಬೆನ್ನೊ ನಿನ್ನೇ ನೋಡ್ತಿದಾರೆ. ಸತ್ತವರಿಗೆ ಮಗ ಹೇಳೋ ಆ ಪ್ರಾರ್ಥನೆ..."

"ಕದ್ದೀಶ್. ಟ್ರೇನಲ್ಲೇ ಹೇಳಿದ್ನಲ್ಲ, ನಾನು ಹೇಳಲ್ಲ. ಅದ್ರಲ್ಲಿ ಸಾವಿನ ಮಾತೇ ಇಲ್ಲ, ಗೊತ್ತಾ? ಶುರುವಿಂದ ಕೊನೇವರೆಗೂ ದೇವರನ್ನ ಹೊಗಳೋದೇ. ಪುಟ್ಟ ತಂಗೀನ, ನಮ್ಮ ಲೀಯಾನ ತಗೊಂಡ. ಅಮ್ಮನ್ನ ಇಷ್ಟು ವರ್ಷ ಸುಟ್ಟ. ಅವನನ್ನ ಹೊಗಳ್ಬೇಕಾ? ಸುಳ್ಳು ಹೇಳೋಕೆ ನನ್ನ ಬಾಯಿ ಬಾಡಿಗೆಗಿಲ್ಲ."

"ಮತ್ತೆ ಯಾರು ಹೇಳ್ತಾರೆ?"

"ಬೆನ್ನೊ ಹೇಳ್ತಾರೆ."

"ಬೆನ್ನೊ ಸಿಪೋರಾನ ಮಗನಾ?"

ಯೋನಾ ಸಲಿಕೆಯನ್ನು ಮತ್ತೆ ಮಣ್ಣಿಗೆ ಚುಚ್ಚಿದ. ಆಸ್ಪತ್ರೆಯಲ್ಲಿ ತಾಯಿ ಕೇಳಿದ್ದಳು, "ನೀ ಹೇಳ್ತೀಯಲ್ಲ?" ಅಂತ. ಅವತ್ತು ಅವನು ಕಿಟಕಿಯ ಹೊರಗೆ ನೋಡಿದ್ದ. ಅವಳು ಮತ್ತೆ ಕೇಳಿರಲಿಲ್ಲ.

* * *

ಸಿಪೋರಾ ಹುಬ್ಬಳ್ಳಿಯ ರೈಲ್ವೆ ಕ್ವಾರ್ಟರ್ಸ್‌ನಲ್ಲಿ ಬೆಳೆದವಳು. ಬೆನೆ ಇಸ್ರಾಯೇಲ್ ಯಹೂದಿ ಮನೆತನ. ಹಡಗು ಒಡೆದು ಕೊಂಕಣದ ದಡಕ್ಕೆ ಬಿದ್ದ ಅವರ ಹಿರಿಯರಿಗೆ ಉಳಿದ ಮಂತ್ರವೆಂದರೆ ಶೆಮಾ ಒಂದೇ ಅಂತ ಅಜ್ಜಿ ಹೇಳುತ್ತಿದ್ದಳಂತೆ: ಕೇಳು ಇಸ್ರಾಯೇಲೇ, ದೇವರು ಒಬ್ಬನೇ. ಹುಟ್ಟಿಗೂ ಅದೇ, ಮದುವೆಗೂ ಅದೇ, ಸಾವಿಗೂ ಅದೇ. ಉಪ್ಸಾಲಾದಲ್ಲಿ ಬಸ್ಸು ತಪ್ಪಿದರೂ ಸಿಪೋರಾ ಅದನ್ನೇ ಅನ್ನುತ್ತಿದ್ದಳು. ಹೀಬ್ರೂವಿನಲ್ಲಿ ಅವಳಿಗೆ ಬರುತ್ತಿದ್ದದ್ದೂ ಅಷ್ಟೇ.

ದಾಗಿಸ್‌ನ , ಅಂದರೆ ಶಿಶುವಿಹಾರದ, ಪುಟ್ಟ ಮಕ್ಕಳಿಗೆ ಅಡುಗೆ ಮಾಡಿಟ್ಟು ಬಂದು, ಶುಕ್ರವಾರ ಗಾಜಿನ ಲೋಟಕ್ಕೆ ನೀರು ಹಾಕಿ, ಮೇಲೆ ಎಣ್ಣೆ ಬಿಟ್ಟು, ಬತ್ತಿ ತೇಲಿಸಿ ದೀಪ ಹಚ್ಚುತ್ತಿದ್ದಳು. ಗಂಡ ಬಿಟ್ಟು ಹೋದ ವಾರವೂ ಹಚ್ಚಿದಳು.

ಆಮೇಲೆ ಲೀಯಾ ಸತ್ತಳು. ಯೋನಾನ ತಂಗಿ, ಇನ್ನೂ ಮೂರನೇ ಕ್ಲಾಸು. ಯೋನಾ ಅದೇ ಚಳಿಗಾಲ ಸ್ಕೂಲು ಬಿಟ್ಟ. ಮೊದಲ ಶುಕ್ರವಾರ ಸಿಪೋರಾ ಲೋಟ ಇಳಿಸಿದ್ದು ನೋಡಿ ಅವನು ಕಿರುಚಿದ್ದ:

"ಯಾರಿಗೆ ಹಚ್ತೀಯಾ? ಇನ್ನೂ ನಂಬ್ತೀಯಾ ನೀನು?"

ಅವಳು ಕಡ್ಡಿ ಹಿಡಿದುಕೊಂಡೇ ನಿಂತಳು.

"ಇಲ್ಲೋ. ಇವತ್ತ ಒಂಚೂರೂ ಇಲ್ಲ."

"ಮತ್ತೆ?"

"ದೀಪಾ ಹಚ್ಚಾಕ ನಂಬಿಕಿ ಯಾಕ ಬೇಕೋ? ಕಡ್ಡಿಪೆಟ್ಗಿ ಇದ್ರ ಸಾಕು. ನಂಬಿಕಿ ಬಂದಾಗ ಬರ್ಲಿ. ಬಂದಾಗ ಮನಿ ಕತ್ತಲಿರಬಾರ್ದು, ಅಷ್ಟ."

ಅವತ್ತು ಶೆಮಾ ಕೂಡ ಅನ್ನಲಿಲ್ಲ. ಕಡ್ಡಿ ಗೀರಿ ಹಚ್ಚಿದಳು, ಬತ್ತಿ ಹೊಗೆಯಾಡಿತು. ಛಾವಣಿಯ ಹೊಗೆ ಅಲಾರಂ ಬಡಿದುಕೊಳ್ಳತೊಡಗಿತು. ಎದುರುಮನೆಯಿಂದ ಕುಮುದಾ ಚಪ್ಪಲಿ ಇಲ್ಲದೆ ಓಡಿಬಂದರು. ಸಿಪೋರಾ ಅದನ್ನು ನಿಲ್ಲಿಸಲು ಪೊರಕೆ ಹಿಡಿದು ಅಲಾರಂ ಕಡೆ ಮುಖ ಎತ್ತಿದಳು.

"ದೇವ್ರು ಕೇಳ್ಲಿಲ್ಲ, ಇದಕ್ಕ ಕೇಳಿಸ್ತು ನೋಡ್ರಿ ಕುಮುದಾ!"

ಲೀಯಾ ಹೋದ ಮೇಲೆ ಆ ಮನೆಯಲ್ಲಿ ಅದೇ ಮೊದಲ ನಗು. ನಗುತ್ತಲೇ ಅತ್ತಳು. ದೀಪ ಉರಿಯುತ್ತಲೇ ಇತ್ತು.

* * *

ಗುಂಡಿ ತುಂಬಿತು. ಬೆನ್ನೊ ಎದುರಿಗೆ ಬಂದು ನಿಂತ. ಮೊಣಕಾಲು ನೋವಿನ ಮುದುಕ. ಯೋನಾ ಸ್ವೀಡಿಷ್‌ನಲ್ಲಿ ಅಂದ, "ನನಗೆ ದೇವರಲ್ಲಿ ನಂಬಿಕೆ ಇಲ್ಲ."

"ಅದನ್ನ ಯಾರು ಕೇಳಿದರು?" ಅಂದ ಬೆನ್ನೊ. "ನನಗೆ ಕಾಲು ಹೆಪ್ಪುಗಟ್ಟುತ್ತಿದೆ ಮಗು. ಹೇಳುತ್ತೀಯೋ, ನಾನೇ ಹೇಳಲೋ?"

ಯೋನಾ ತೇವ ಮಣ್ಣು ನೋಡಿದ. ಮೂಗಿನಿಂದ ಬಿಸಿಯುಸಿರು ಬಿಟ್ಟ.

"ಕಡ್ಡಿಪೆಟ್ಗಿ," ಅಂದ.

"ಏನೋ?" ಕುಮುದಾ ಕೇಳಿದರು.

"ಏನಿಲ್ಲ ಆಂಟಿ." ಬೆನ್ನೊ ಕಡೆ ತಿರುಗಿದ. "ಒಂದೊಂದೇ ಮಾತು ಹೇಳಿಕೊಡಿ."

ಬೆನ್ನೊ ಹೇಳಿಕೊಟ್ಟ. ಯೋನಾ ಹೇಳಿದ. ಮೊದಲ ಸಾಲುಗಳಲ್ಲಿ ಹೊಗಳಿಕೆ ಎಲ್ಲೂ ಇರಲಿಲ್ಲ, ಯಾರನ್ನೋ ಬೀದಿಗೆ ಕರೆದು ಜಗಳಕ್ಕೆ ನಿಂತ ದನಿ. ಸುತ್ತ ನಿಂತವರು "ಆಮೆನ್" ಅಂದರು. ಎಲ್ಲರೂ ಅಂದು ಮುಗಿಸಿದ ಮೇಲೆ ಸುಧೀರ್ ಒಬ್ಬರೇ ದೊಡ್ಡದಾಗಿ "ಆಮೆನ್" ಅಂದರು. ಕುಮುದಾ ಮೊಣಕೈಯಿಂದ ತಿವಿದರು. ಯೋನಾನ ತುಟಿ ಕೊಂಕಿತು. ಕೊನೆಗೆ ಬರುವಷ್ಟರಲ್ಲಿ ದನಿ ಒಡೆದಿತ್ತು. ಎಷ್ಟೋ ದಿನದಿಂದ ಕಿವಿಯ ತನಕ ಏರಿ ಕೂತಿದ್ದ ಹೆಗಲು ಕೆಳಗಿಳಿದಿತ್ತು.

ಸ್ಮಶಾನ ಬಿಡುವಾಗ ಕೈ ತೊಳೆಯಬೇಕು. ಗೇಟಿನ ನಲ್ಲಿಯನ್ನು ಚಳಿಗಾಲಕ್ಕೆ ಬಂದ್ ಮಾಡಿದ್ದರು. ಬೆನ್ನೊ ಅದನ್ನು ತಿರುಗಿಸಿ ನೋಡಿ ಗೊಣಗಿದ.

"ಇರಿ," ಕುಮುದಾ ಬ್ಯಾಗಿನಿಂದ ಥರ್ಮಾಸ್ ತೆಗೆದರು. "ಬಿಸಿನೀರು. ಟೀ ಬ್ಯಾಗ್ ಇನ್ನೂ ಹಾಕಿಲ್ಲ."

"ಮಂತ್ರ ಬರದಿದ್ರೇನು, ಟೀ ಕುಡಿಯೋ ಫಿಕಾ ಮಾತ್ರ ಮರೆಯಲ್ಲ ಇವಳು," ಅಂದರು ಸುಧೀರ್.

ಯೋನಾ ಕೈ ಒಡ್ಡಿದ. ಉಗುರಿನ ಸಂದಿಯ ಮಣ್ಣು ಕರಗಿ ಹಿಮದ ಮೇಲೆ ಕಂದು ಗೆರೆಯಾಗಿ ಬಿತ್ತು. ಕುಮುದಾ ಟಿಶ್ಯೂ ಚಾಚಿದರು.

"ಒರೆಸ್ಕೋ, ಕೈ ಮರಗಟ್ಟುತ್ತೆ."

"ಒರೆಸಬಾರದು ಆಂಟಿ."

"ಯಾಕೆ?"

"ಗೊತ್ತಿಲ್ಲ. ಅಮ್ಮ ಒರೆಸ್ತಿರ್ಲಿಲ್ಲ."

ಕುಮುದಾ ಟಿಶ್ಯೂವನ್ನು ಜೇಬಿಗೆ ಹಾಕಿಕೊಂಡು ತಾವೂ ಕೈ ತೊಳೆದರು. ಯೋನಾ ಒದ್ದೆ ಕೈ ಎರಡನ್ನೂ ಮುಂದೆ ಚಾಚಿಕೊಂಡು ಬಸ್ ಸ್ಟಾಪಿನ ಕಡೆ ನಡೆದ. ಮರಗಳ ಬುಡಕ್ಕಿಳಿದಿದ್ದ ಬಿಸಿಲಿನಲ್ಲಿ ಅವನ ಬೆರಳುಗಳಿಂದ ಹಬೆ ಏಳುತ್ತಿತ್ತು.